ಮೀನುಮರಿ ಬಿತ್ತನೆಗೂ ಬೇಕು ತಳಿಶುದ್ಧತೆ: ಕಾವೇರಿ ಮಹಶೀರ್ ಕಲಿಸುವ ಪಾಠ

ಬಿತ್ತನೆ ಬೀಜದ ಚೀಲ ಕೊಳ್ಳುವಾಗ ನೀವು ಮೊದಲು ನೋಡುವುದು ಅದರ ಚೀಟಿಯನ್ನು. ತಳಿ ಯಾವುದು, ಶುದ್ಧತೆ ಎಷ್ಟು, ಮೊಳಕೆ ಪ್ರಮಾಣ ಎಷ್ಟು ಎಂದು ವಿಚಾರಿಸಿಯೇ ಹಣ ಕೊಡುತ್ತೀರಿ. ಆದರೆ ನದಿಗೆ ಬಿಡುವ ಮೀನುಮರಿ ಯಾವ ಜಾತಿಯದು, ಯಾವ ನದಿಯ ತಾಯಿ ಮೀನಿನದು ಎಂದು ನಾವು ಕೇಳುವುದು ಅಪರೂಪ. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯು ನದಿಗಳಲ್ಲಿ ಮೀನುಮರಿ ಬಿತ್ತನೆಗೂ, ತಣ್ಣೀರು ಮೀನುಗಾರಿಕೆಗೂ, ತರಬೇತಿಗೂ ನೆರವು ನೀಡುತ್ತಿದೆ. ಈ ಸಂದರ್ಭದಲ್ಲಿ ಮೀನುಗಾರಿಕಾ ತಜ್ಞರ ತರಬೇತಿ ಶಿಬಿರಗಳಲ್ಲಿ ಏನನ್ನು ಕಲಿಸಬೇಕು ಎಂಬ ಪ್ರಶ್ನೆ ಮಹತ್ವದ್ದಾಗಿದೆ.

ತಣ್ಣೀರು ಮೀನುಗಳು

ನೀರು ತಣ್ಣಗಿದ್ದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಹೆಚ್ಚು. 10 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಸುಮಾರು 11 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲದು. 30 ಡಿಗ್ರಿಯಲ್ಲಿ ಅದು ಸುಮಾರು 7.5 ಮಿಲಿಗ್ರಾಂಗೆ ಇಳಿಯುತ್ತದೆ. ಹಿಮಾಲಯದ ಟ್ರೌಟ್, ಹಿಮ ಟ್ರೌಟ್ ಮತ್ತು ಹೊಂಬಣ್ಣದ ಮಹಶೀರ್‌ಗಳು ಇಂತಹ ನೀರನ್ನು ಬಯಸುವ ಮೀನುಗಳು. ಇವುಗಳ ಸಂಶೋಧನೆಗಾಗಿ ಭಾರತೀಯ ಕೃಷಿ ಸಂಶೋಧನಾ ಪರಿಷತ್ತು 1987ರಲ್ಲಿ ಪ್ರತ್ಯೇಕ ಕೇಂದ್ರವೊಂದನ್ನು ಸ್ಥಾಪಿಸಿತು. ಉತ್ತರಾಖಂಡದ ಭೀಮತಾಲ್‌ನಲ್ಲಿರುವ ಆ ಸಂಸ್ಥೆ ತಜ್ಞರಿಗೆ ತರಬೇತಿಯನ್ನೂ ನೀಡುತ್ತದೆ.

ಮಹಶೀರ್ ಕುಲದ ಮೀನುಗಳು ಹಿಮಾಲಯಕ್ಕೆ ಮಾತ್ರ ಸೀಮಿತವಲ್ಲ. ಬಂಡೆಗಳ ನಡುವೆ ರಭಸದಿಂದ ಹರಿಯುವ ನಮ್ಮ ಕಾವೇರಿಯಲ್ಲಿಯೂ ಅವು ಇವೆ. ಅಲ್ಲಿ ನಡೆದ ಒಂದು ಪ್ರಮಾದದಿಂದ ಇಡೀ ದೇಶ ಕಲಿಯಬೇಕಾದದ್ದಿದೆ.

ಕಾವೇರಿಯಲ್ಲಿ ಆದದ್ದೇನು?

ಕಾವೇರಿ ಕಣಿವೆಯ ಡುಬ್ಬದ ಮಹಶೀರ್ ಜಗತ್ತಿನ ಅತಿ ದೊಡ್ಡ ಮಹಶೀರ್‌ಗಳಲ್ಲೊಂದು. 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಸಿಕ್ಕ ಮೀನೊಂದು 120 ಪೌಂಡ್, ಅಂದರೆ ಸುಮಾರು 54 ಕಿಲೋಗ್ರಾಂ ತೂಗಿತ್ತು. ಮುಂದೆ ಮಹಶೀರ್ ಸಂತತಿ ಕುಗ್ಗುತ್ತಿರುವುದನ್ನು ಕಂಡು ಸದುದ್ದೇಶದಿಂದಲೇ ಮೀನುಮರಿಗಳನ್ನು ನದಿಗೆ ಬಿಡಲಾಯಿತು. ಮಹಾರಾಷ್ಟ್ರದ ಲೋಣಾವಳದ ಕೇಂದ್ರದಲ್ಲಿ ಕೃತಕ ಸಂತಾನೋತ್ಪತ್ತಿ ಯಶಸ್ವಿಯಾಗಿದ್ದುದು ನೀಲಿ ಈಜುರೆಕ್ಕೆಯ ಮಹಶೀರ್‌ನಲ್ಲಿ. ಅದು ಕೃಷ್ಣಾ ಕಣಿವೆಯ ಮೀನು; ಕಾವೇರಿಯದಲ್ಲ.

ಪರಿಣಾಮ ತಿಳಿದುಬಂದದ್ದು ಗಾಳ ಹಾಕುವವರ ಪುಸ್ತಕದಿಂದ. ಗಾಳಿಬೋರೆಯ ಶಿಬಿರದಲ್ಲಿ 1998ರಿಂದ 2012ರವರೆಗೆ ಹಿಡಿದುಬಿಟ್ಟ ಮೀನುಗಳ ದಾಖಲೆಯನ್ನು ವಿಜ್ಞಾನಿಗಳು ವಿಶ್ಲೇಷಿಸಿ 2015ರಲ್ಲಿ ಪ್ರಕಟಿಸಿದರು. ನೀಲಿ ರೆಕ್ಕೆಯ ಮಹಶೀರ್‌ಗಳ ಸಂಖ್ಯೆ ಏರಿತ್ತು. ಡುಬ್ಬದ ಮಹಶೀರ್‌ಗಳ ಸಂಖ್ಯೆ ಕುಸಿದಿತ್ತು. ಆದರೆ ಸಿಕ್ಕವುಗಳ ಸರಾಸರಿ ತೂಕ ಹೆಚ್ಚಿತ್ತು. ತೂಕ ಹೆಚ್ಚಿದ್ದು ಶುಭಸೂಚನೆಯಲ್ಲ. ಎಳೆಯ ಮೀನುಗಳು ಹುಟ್ಟಿ ಬರುತ್ತಿಲ್ಲ, ಹಳೆಯವಷ್ಟೇ ಉಳಿದಿವೆ ಎಂಬುದು ಅದರ ಅರ್ಥ. ಒಟ್ಟು 'ಮಹಶೀರ್' ಎಂದು ಎಣಿಸಿದವರಿಗೆ ಬಿತ್ತನೆ ಯಶಸ್ವಿಯಾದಂತೆ ಕಂಡಿರಬಹುದು. ಜಾತಿವಾರು ಎಣಿಸಿದಾಗಲೇ ನಷ್ಟ ಗೋಚರಿಸಿತು.

ಡುಬ್ಬದ ಮಹಶೀರ್‌ಗೆ ಖಚಿತವಾದ ವೈಜ್ಞಾನಿಕ ಹೆಸರು ದೊರೆತದ್ದು 2018ರಲ್ಲಿ: ಟಾರ್ ರೆಮಾದೇವಿ. ಅದೇ ವರ್ಷ ಅದು ಅಳಿವಿನ ತೀವ್ರ ಅಂಚಿನಲ್ಲಿರುವ ಜೀವಿಗಳ ಕೆಂಪುಪಟ್ಟಿಗೆ ಸೇರಿತು. ಹೆಸರು ನಿಶ್ಚಯವಾಗುವ ಮೊದಲೇ ಮೀನು ಕೈತಪ್ಪುತ್ತಿತ್ತು. ಬಿತ್ತನೆಯೊಂದೇ ಇದಕ್ಕೆ ಕಾರಣವೆನ್ನಲಾಗದು. ಅಣೆಕಟ್ಟುಗಳು, ಮರಳು ಗಣಿಗಾರಿಕೆ, ಸಿಡಿಮದ್ದು ಬಳಸಿ ಮೀನು ಹಿಡಿಯುವುದು ಇವೆಲ್ಲವೂ ಸೇರಿವೆ. ಆದರೆ ಹೊಲದಲ್ಲಿ ಬೆರಕೆ ಗಿಡವನ್ನು ಹೂ ಬಿಡುವ ಮೊದಲೇ ಕೀಳಬಹುದು. ನದಿಗೆ ಬಿಟ್ಟ ಮೀನನ್ನು ಆರಿಸಿ ಹಿಂದೆ ತೆಗೆಯಲು ಸಾಧ್ಯವಿಲ್ಲ.

ತರಬೇತಿಯಲ್ಲಿ ಇರಬೇಕಾದ ವಿಷಯಗಳು

ಮೊಟ್ಟೆ ಹಿಂಡಿ ತೆಗೆಯುವುದು, ಮರಿ ಮಾಡಿಸುವುದು, ಆಹಾರ ನೀಡುವುದು ಇವು ಅಗತ್ಯ ಕೌಶಲಗಳೇ. ಆದರೆ ಮರಿ ಉತ್ಪಾದನೆಯ ಕೌಶಲ ಬೆಳೆದಂತೆಲ್ಲಾ ತಪ್ಪು ಮರಿಯನ್ನು ಲಕ್ಷಗಟ್ಟಲೆ ಉತ್ಪಾದಿಸುವ ಸಾಮರ್ಥ್ಯವೂ ಬೆಳೆಯುತ್ತದೆ. ಆದ್ದರಿಂದ ಪ್ರತಿ ಶಿಬಿರದಲ್ಲಿಯೂ ಈ ನಾಲ್ಕು ವಿಷಯಗಳಿಗೆ ಸಮಾನ ಸ್ಥಾನ ದೊರೆಯಬೇಕು.

1. ಜಾತಿಯ ಗುರುತು: ಬಣ್ಣವೊಂದನ್ನೇ ನಂಬದೆ ದೇಹದ ಆಕಾರ, ಬಾಯಿ, ಹುರುಪೆಗಳ ಎಣಿಕೆಯನ್ನು ನೋಡುವುದು, ಈಜುರೆಕ್ಕೆಯ ಚೂರನ್ನು ಆಲ್ಕೋಹಾಲ್‌ನಲ್ಲಿ ಕಾಪಿಟ್ಟು ಡಿಎನ್‌ಎ ಪರೀಕ್ಷೆಗೆ ಕಳುಹಿಸುವುದು.
2. ತಾಯಿ ಮೀನಿನ ದಾಖಲೆ: ಮೂಲ ನದಿಯನ್ನು ಬರೆದಿಡುವುದು, ಕೆಲವೇ ಜೋಡಿಗಳಿಂದ ಎಲ್ಲ ಮರಿಗಳನ್ನೂ ಪಡೆಯದಿರುವುದು.
3. ನದಿಯ ಪರಿಶೀಲನೆ: ಉಷ್ಣತೆ, ಆಮ್ಲಜನಕ, ಬೇಸಿಗೆಯ ಹರಿವು, ಮೊಟ್ಟೆಯಿಡಲು ಬೇಕಾದ ಜಲ್ಲಿಕಲ್ಲಿನ ತಳ, ಆಳದ ಮಡು.
4. ಬಿತ್ತನೆಯ ನಂತರದ ಎಣಿಕೆ: ಬಿಟ್ಟ ಮರಿಗಳ ಸಂಖ್ಯೆಯಲ್ಲ, ಉಳಿದವುಗಳ ಜಾತಿವಾರು ಲೆಕ್ಕ.

ಇವೆಲ್ಲವನ್ನೂ ನೋಡಿದ ಮೇಲೆ 'ಈ ನದಿಗೆ ಮರಿ ಬಿಡುವುದು ಬೇಡ' ಎಂದು ಬರೆಯುವ ಧೈರ್ಯವೂ ತಜ್ಞರಿಗೆ ಬರಬೇಕು. ನದಿಯಲ್ಲಿ ಬದುಕು ಕಳೆದ ಮೀನುಗಾರರನ್ನು ಶಿಬಿರಕ್ಕೆ ಬೋಧಕರಾಗಿ ಕರೆಯಬೇಕು. ಗಾಳಿಬೋರೆಯ ಸತ್ಯ ಹೊರಬಂದದ್ದು ದಂಡೆಯ ಮೇಲಿನ ಲೆಕ್ಕದಿಂದಲೇ ಎಂಬುದನ್ನು ಮರೆಯಬಾರದು.

ನದಿ ದಂಡೆಯ ರೈತರಿಗೆ

ಕೃಷಿ ಹೊಂಡದಲ್ಲಿ ಉಳಿದ ಮೀನನ್ನು, ಅದರಲ್ಲೂ ಆಫ್ರಿಕನ್ ಕ್ಯಾಟ್‌ಫಿಶ್ ಮತ್ತು ತಿಲಾಪಿಯಾಗಳನ್ನು, ಹಳ್ಳಕ್ಕೆ ಬಿಡಬೇಡಿ. ಬೇಸಿಗೆಯಲ್ಲಿ ಮಡುವಿನ ಕೊನೆಯ ನೀರನ್ನು ಪಂಪ್ ಮಾಡಬೇಡಿ. ಮುಂಗಾರಿನವರೆಗೆ ಮೀನುಗಳಿಗೆ ಅದೊಂದೇ ಆಶ್ರಯ. ಕೀಟನಾಶಕ ಸಿಂಪಡಿಸಿದ ಪಂಪನ್ನು ಹೊಳೆಯಲ್ಲಿ ತೊಳೆಯಬೇಡಿ. ಸಿಡಿಮದ್ದು ಅಥವಾ ವಿಷ ಹಾಕಿ ಮೀನು ಹಿಡಿಯುವುದು 1897ರ ಮೀನುಗಾರಿಕೆ ಕಾಯಿದೆಯ ಕಾಲದಿಂದಲೂ ಅಪರಾಧ; ಕಂಡರೆ ಇಲಾಖೆಗೆ ತಿಳಿಸಿ. ಮುಂದಿನ ಬಾರಿ ನಿಮ್ಮೂರ ಹೊಳೆಗೆ ಮೀನುಮರಿ ಬಿಡಲು ಬಂದಾಗ ಬೀಜದ ಅಂಗಡಿಯಲ್ಲಿ ಕೇಳುವ ಪ್ರಶ್ನೆಯನ್ನೇ ಕೇಳಿ: ಇದು ಯಾವ ತಳಿ, ಎಲ್ಲಿಯದು?