ಬೆಳೆ ಕಾಯುವ ಕೋವಿಯೂ ಕಾಯಿದೆಯ ಕಟ್ಟಳೆಯೂ

ಬಿತ್ತಿದ ಬೆಳೆಯು ಕಣಕ್ಕೆ ಬಂದು ಸೇರುವವರೆಗೆ ಬೇಸಾಯಗಾರನಿಗೆ ನೆಮ್ಮದಿಯ ನಿದ್ರೆಯಿಲ್ಲವೆಂಬುದು ಸರ್ವರೂ ಬಲ್ಲ ಸಂಗತಿಯಷ್ಟೆ. ಮಳೆ ತಪ್ಪಿದರೆ ಕೆರೆಯ ನೀರನ್ನು ಹಾಯಿಸಬಹುದು. ಹುಳ ಬಿದ್ದರೆ ಔಷಧವನ್ನು ಸಿಂಪಡಿಸಬಹುದು. ಆದರೆ ಕಾಡಂಚಿನ ಗ್ರಾಮಗಳಲ್ಲಿ ಕಾಡುಹಂದಿಗಳ ಹಿಂಡೊಂದು ಒಂದೇ ರಾತ್ರಿ ಜೋಳದ ಹೊಲಕ್ಕೋ ಕಬ್ಬಿನ ಗದ್ದೆಗೋ ನೆಲಗಡಲೆಯ ತಾಕಿಗೋ ನುಗ್ಗಿತೆಂದರೆ ಆರು ತಿಂಗಳ ದುಡಿಮೆಯು ಬೆಳಗಾಗುವುದರೊಳಗೆ ಮಣ್ಣುಪಾಲಾಗುತ್ತದೆ. ಹಂದಿಯು ತಿಂದು ಕೆಡಿಸುವುದಕ್ಕಿಂತ ತುಳಿದು, ಮೂತಿಯಿಂದ ಅಗೆದು ಕೆಡಿಸುವುದೇ ಹೆಚ್ಚು. ಇಂತಹ ಹೊತ್ತಿನಲ್ಲಿ ಜಮೀನುದಾರನ ಕೈ ಗೋಡೆಯ ಮೇಲಿನ ಕೋವಿಯ ಕಡೆಗೆ ಹೋಗುವುದು ಸಹಜವೇ ಸರಿ.

ಆದರೆ ಕೋವಿಗೆ ಲೈಸೆನ್ಸು ಇದ್ದ ಮಾತ್ರಕ್ಕೆ ಹಂದಿಯನ್ನು ಹೊಡೆಯಲು ಅಪ್ಪಣೆಯೂ ಇದ್ದಂತೆಯೇ ಎಂಬ ತಪ್ಪು ತಿಳಿವಳಿಕೆಯು ನಮ್ಮ ಗ್ರಾಮಗಳಲ್ಲಿ ಬೇರೂರಿಕೊಂಡಿದೆ. ಇದರಿಂದ ಮರ್ಯಾದಸ್ಥ ಮನೆತನದವರು ಸಹ ನ್ಯಾಯಸ್ಥಾನದ ಮೆಟ್ಟಿಲನ್ನು ಹತ್ತಬೇಕಾಗಿ ಬರುತ್ತದೆ. ಕೋವಿಯನ್ನು ಇಟ್ಟುಕೊಳ್ಳುವುದಕ್ಕೆ ಒಂದು ಕಾಯಿದೆ, ಅದರಿಂದ ಮೃಗವನ್ನು ಹೊಡೆಯುವುದಕ್ಕೆ ಇನ್ನೊಂದು ಕಾಯಿದೆ. ಇವೆರಡೂ ಬೇರೆ ಬೇರೆ. ಈ ಭೇದವನ್ನು ಗ್ರಾಮದ ಮುಖಂಡರು ಮೊದಲು ತಾವು ಗ್ರಹಿಸಿ ಬಳಿಕ ಇತರರಿಗೆ ತಿಳಿಯಹೇಳುವುದು ಅತ್ಯವಶ್ಯಕವಾಗಿದೆ.

ಮೊದಲು ಕೋವಿಯ ವಿಚಾರ. ಹಳ್ಳಿಗಳಲ್ಲಿ ಬಹುಕಾಲದಿಂದ ಮೆಚ್ಚಿಕೆಯಾಗಿರುವುದು ಬಾಯಿಯಿಂದ ಮದ್ದನ್ನೂ ಚರೆಯನ್ನೂ ತುಂಬುವ ಕೇಪಿನ ಕೋವಿ. ಇದರ ಬೆಲೆ ಕಡಿಮೆ, ರಿಪೇರಿ ಸುಲಭ. ಇದರ ಸದ್ದಿಗೇ ಮೃಗಗಳು ಕಾಲುಕೀಳುತ್ತವೆ. ದೋಷವೇನೆಂದರೆ, ಮುಂಗಾರಿನ ತೇವಕ್ಕೆ ಮದ್ದು ಕೆಡುತ್ತದೆ. ಒಂದು ಈಡು ಹಾರಿದ ಮೇಲೆ ಮತ್ತೆ ತುಂಬುವಷ್ಟರಲ್ಲಿ ಗಾಯಗೊಂಡ ಹಂದಿಯು ಮನುಷ್ಯನ ಮೇಲೆಯೇ ತಿರುಗಿ ಬೀಳಬಹುದು. ಅನುಕೂಲಸ್ಥರ ಮನೆಗಳಲ್ಲಿ ಹನ್ನೆರಡು ಬೋರಿನ ಜೋಡಿನಳಿಗೆಯ ತೋಟಾಕೋವಿಗೆ ಹೆಚ್ಚು ಗೌರವ. ಎರಡು ಈಡು ಕೈಯಲ್ಲಿರುವುದೂ, ನಲವತ್ತು ಗಜದೊಳಗೆ ಚರೆಯು ಸರಿಯಾಗಿ ಕೆಲಸಮಾಡುವುದೂ ಇದರ ಗುಣ. ಇನ್ನು ಕೆಲವರಿಗೆ ಇಷಾಪುರದ ಕಾರ್ಖಾನೆಯಲ್ಲಿ ತಯಾರಾದಂತಹ .315 ರೈಫಲ್ಲಿನ ಮೇಲೆ ಮೋಹ. ಅದರ ಗುಂಡು ಗುರಿ ತಪ್ಪಿದರೆ ಒಂದು ಮೈಲಿಗೂ ಮೀರಿ ಹೋಗಬಲ್ಲದು. ಹೊಲದ ಆಚೆಗೆ ಕೂಲಿಕಾರರ ಗುಡಿಸಲು, ಅದರಾಚೆಗೆ ರಸ್ತೆ, ಅದರಾಚೆಗೆ ಇನ್ನೊಂದು ಊರು ಇರುವ ನಮ್ಮ ಸೀಮೆಯಲ್ಲಿ ಬೆಳೆಗಾವಲಿಗೆ ರೈಫಲ್ಲು ತಕ್ಕ ಆಯುಧವಲ್ಲ.

ಕಾಯಿದೆಯನ್ನು ರಚಿಸಿದವರೂ ಈ ತಾರತಮ್ಯವನ್ನು ಅರಿತವರೇ ಆಗಿದ್ದರು. 1878ರ ಆಯುಧ ಕಾಯಿದೆಯ ಸ್ಥಾನದಲ್ಲಿ ಬಂದ 1959ರ ಕಾಯಿದೆಯ 13ನೆಯ ಪ್ರಕರಣವು ಬೆಳೆಯ ರಕ್ಷಣೆಗೆಂದು ನಿಜವಾಗಿ ಬೇಕಾದ ಬಾಯಿತುಂಬುವ ಕೋವಿಯನ್ನು ಹೆಸರೆತ್ತಿಯೇ ಹೇಳುತ್ತದೆ. ಅಂತಹ ಕೋವಿಯು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಒಳನಳಿಗೆ ನುಣುಪಾಗಿರುವ ಬೇರೆ ಕೋವಿಗೂ ಲೈಸೆನ್ಸು ಕೊಡಬಹುದೆಂದು ಅದೇ ಪ್ರಕರಣದಲ್ಲಿದೆ. ಆದ್ದರಿಂದ ತೋಟಾಕೋವಿ ಬೇಕೆನ್ನುವ ಬೆಳೆಗಾರನು ಕೇವಲ ಅರ್ಜಿಯನ್ನು ಬರೆದು ಸುಮ್ಮನಿರದೆ, ಜಮೀನಿನ ವಿಸ್ತೀರ್ಣ, ಬೆಳೆ, ಕಾಡಿಗಿರುವ ದೂರ, ಹಿಂದಿನ ವರ್ಷಗಳ ನಷ್ಟ ಇವುಗಳನ್ನು ವಿವರಿಸಿ ಕಾರಣವನ್ನು ತೋರಿಸತಕ್ಕದ್ದು. 2019ರ ತಿದ್ದುಪಡಿಯಿಂದಾಗಿ ಸಾಮಾನ್ಯವಾಗಿ ಒಬ್ಬನು ಮೂರರ ಬದಲು ಎರಡೇ ಕೋವಿಗಳನ್ನು ಇಟ್ಟುಕೊಳ್ಳಬಹುದೆಂದೂ, ಲೈಸೆನ್ಸಿನ ಅವಧಿಯು ಮೂರು ವರ್ಷಕ್ಕೆ ಬದಲಾಗಿ ಐದು ವರ್ಷವೆಂದೂ ಆಗಿದೆ. ಇದನ್ನರಿಯದೆ ತಾತನ ಕಾಲದ ಮೂರನೆಯ ಕೋವಿಯನ್ನು ಅಟ್ಟದ ಮೇಲೆ ಇಟ್ಟುಕೊಂಡಿರುವುದು ಅಪರಾಧಕ್ಕೆ ದಾರಿಯಾಗುತ್ತದೆ.

ಎರಡನೆಯದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ. ಇದರ 9ನೆಯ ಪ್ರಕರಣವು ಬೇಟೆಯನ್ನು ನಿಷೇಧಿಸುತ್ತದೆ. 2022ರಲ್ಲಿ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಅನುಸೂಚಿಗಳಲ್ಲಿ ಆನೆ, ಕಾಟಿ, ಕರಡಿ, ನವಿಲು ಇವು ಮೊದಲನೆಯದರಲ್ಲಿಯೂ ಕಾಡುಹಂದಿಯು ಎರಡನೆಯದರಲ್ಲಿಯೂ ಇವೆ. ಎರಡನೆಯ ಅನುಸೂಚಿಯ ಮೃಗವು ಮನುಷ್ಯರ ಪ್ರಾಣಕ್ಕಾಗಲಿ, ಪೈರನ್ನೂ ಒಳಗೊಂಡ ಆಸ್ತಿಗಾಗಲಿ ಅಪಾಯಕಾರಿಯಾದಾಗ, ರಾಜ್ಯದ ಮುಖ್ಯ ವನ್ಯಜೀವಿ ಪಾಲಕರು ಅಥವಾ ಅವರಿಂದ ಅಧಿಕಾರ ಪಡೆದವರು ಕಾರಣಸಹಿತವಾದ ಲಿಖಿತ ಆಜ್ಞೆಯಿಂದ ಅದನ್ನು ಹೊಡೆಯಲು ಅನುಮತಿ ಕೊಡಬಹುದು. ಆ ಕಾಗದವಿಲ್ಲದೆ ಹೊಡೆದರೆ ಮೂರು ವರ್ಷಗಳವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ಜುಲ್ಮಾನೆ, ಅಥವಾ ಎರಡೂ ಆಗಬಹುದು. ಅನುಮತಿಯಿಂದ ಹೊಡೆದ ಮೃಗವೂ ಸರ್ಕಾರದ ಸ್ವತ್ತೇ ಹೊರತು ಅಡಿಗೆಮನೆಯ ಪದಾರ್ಥವಲ್ಲ.

ಹೀಗಿದ್ದರೂ ಒಂದೊಂದು ಸೀಮೆಯಲ್ಲಿ ಒಂದೊಂದು ರೀತಿ ಕಾಣುವುದೇಕೆಂದು ಬೆಳೆಗಾರರು ಕೇಳುತ್ತಾರೆ. ಪ್ರಶ್ನೆಯು ಯುಕ್ತವಾದದ್ದೇ. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಒಂದೊಂದು ಸಂಸ್ಥಾನವೂ ತನ್ನದೇ ಆದ ಕೋವಿಯ ಕಾಯಿದೆಯನ್ನು ಮಾಡಿಕೊಳ್ಳುತ್ತದೆ. ಇಲಿನಾಯ್ ಸಂಸ್ಥಾನದಲ್ಲಿ ಕೋವಿ ಇಟ್ಟುಕೊಳ್ಳುವವನಿಗೆ ಗುರುತಿನ ಚೀಟಿ ಬೇಕು. ಟೆಕ್ಸಾಸಿನಲ್ಲಿ 2019ರಿಂದ ಜಮೀನಿನ ಒಡೆಯನ ಒಪ್ಪಿಗೆಯಿದ್ದರೆ ಬೇಟೆಯ ಲೈಸೆನ್ಸೂ ಇಲ್ಲದೆ ಹಂದಿಯನ್ನು ಹೊಡೆಯಬಹುದು. ನಮ್ಮಲ್ಲಿ ಹಾಗಲ್ಲ. ಸಂವಿಧಾನದ ಪ್ರಕಾರ ಆಯುಧಗಳ ವಿಷಯವು ಕೇಂದ್ರದ ಪಟ್ಟಿಗೆ ಸೇರಿದ್ದು. ಕಾಯಿದೆಯು ದೇಶಕ್ಕೆಲ್ಲ ಒಂದೇ. ವನ್ಯಜೀವಿಗಳ ವಿಷಯವಾದರೋ 1976ರಿಂದ ಕೇಂದ್ರ ಮತ್ತು ರಾಜ್ಯಗಳೆರಡಕ್ಕೂ ಸೇರಿದ ಪಟ್ಟಿಯಲ್ಲಿದೆ. ಹೊಡೆಯುವ ಅನುಮತಿಯು ರಾಜ್ಯದ ಅಧಿಕಾರಿಗಳ ಕೈಯಲ್ಲಿದೆ. ವ್ಯತ್ಯಾಸವು ಹುಟ್ಟುವುದು ಇಲ್ಲಿಯೇ.

ನೆರೆಯ ಕೇರಳದಲ್ಲಿ 2022ರಿಂದ ಪಂಚಾಯತಿ ಅಧ್ಯಕ್ಷರೇ ಮೊದಲಾದ ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ಗೌರವ ವನ್ಯಜೀವಿ ಪಾಲಕರ ಅಧಿಕಾರವನ್ನು ಕೊಟ್ಟು, ಬೆಳೆಯನ್ನು ಹಾಳುಮಾಡುವ ಹಂದಿಯನ್ನು ಲೈಸೆನ್ಸುದಾರರಿಂದ ಹೊಡೆಯಿಸಲು ಏರ್ಪಾಟಾಯಿತು. ವಿಷ, ಸಿಡಿಮದ್ದು, ವಿದ್ಯುತ್ತು ಇವುಗಳನ್ನು ಮಾತ್ರ ಉಪಯೋಗಿಸಕೂಡದು. ತಮಿಳುನಾಡಿನವರು 2025ರಲ್ಲಿ ಪ್ರಕಟಿಸಿದ ಕ್ರಮವು ಬೇರೆ. ಮೀಸಲು ಅರಣ್ಯದಿಂದ ಮೂರು ಕಿಲೋಮೀಟರಿಗಿಂತ ಆಚೆಗೆ ಬಂದ ಹಂದಿಯನ್ನು ಮಾತ್ರ ಹೊಡೆಯಬಹುದು. ಅದನ್ನೂ ರೈತರಲ್ಲ, ಅರಣ್ಯ ಇಲಾಖೆಯ ನೌಕರರೇ ಹೊಡೆಯತಕ್ಕದ್ದು. ಕೇಂದ್ರ ಸರ್ಕಾರವು 2015 ಮತ್ತು 2016ರಲ್ಲಿ ಬಿಹಾರ, ಉತ್ತರಾಖಂಡ, ಹಿಮಾಚಲ ಪ್ರದೇಶಗಳ ಕೆಲವು ಭಾಗಗಳಲ್ಲಿ ಕೆಲವು ಪ್ರಾಣಿಗಳನ್ನು ನಿಯಮಿತ ಕಾಲದವರೆಗೆ ಉಪದ್ರವಕಾರಿಗಳೆಂದು ಸಾರಿತ್ತು. ಕೇರಳದ ಹಂದಿಯ ವಿಷಯದಲ್ಲಿ ಅದೇ ಬೇಡಿಕೆಗೆ ಒಪ್ಪಲಿಲ್ಲ. ಆದ್ದರಿಂದ ವಯನಾಡಿನ ನೆಂಟನು ಹೊಡೆದನೆಂದು ಕೇಳಿ ಗುಂಡ್ಲುಪೇಟೆಯ ಜಮೀನುದಾರನು ಹೊಡೆದರೆ, ಅಲ್ಲಿ ಕರ್ತವ್ಯವಾದದ್ದು ಇಲ್ಲಿ ಅಪರಾಧವಾಗುತ್ತದೆ. ಹಂದಿಗೆ ಗಡಿಯಿಲ್ಲ, ಮನುಷ್ಯನಿಗುಂಟು.

ನಮ್ಮ ರಾಜ್ಯದೊಳಗೇ ಕೊಡಗಿನ ಮಾತು ಬೇರೆ. 1861ರಲ್ಲಿ ಆಗಿನ ಕಮಿಷನರಾಗಿದ್ದ ಸರ್ ಮಾರ್ಕ್ ಕಬ್ಬನ್ನರು ಕೊಡವರನ್ನು ನಿರಾಯುಧೀಕರಣದ ಕಾಯಿದೆಯಿಂದ ಬಿಟ್ಟುಕೊಟ್ಟ ಸಂಪ್ರದಾಯವು ರೂಪಾಂತರದಿಂದ ಈಗಲೂ ನಡೆದುಬಂದಿದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೆಲವು ಬಗೆಯ ಕೋವಿಗಳನ್ನು ಲೈಸೆನ್ಸಿಲ್ಲದೆ ಇಟ್ಟುಕೊಳ್ಳುವ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ ಹತ್ತು ವರ್ಷ ಮುಂದುವರಿಸಿತು; ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕದ ಉಚ್ಚ ನ್ಯಾಯಾಲಯವು 2021ರಲ್ಲಿ ತಳ್ಳಿಹಾಕಿತು. ಕೈಲ್ ಪೊಳ್ದಿನಂದು ಕೋವಿಯನ್ನು ತೊಳೆದು ಹೂವಿಟ್ಟು ಪೂಜಿಸುವ, ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಈಡು ಹಾರಿಸುವ ಆ ನಾಡಿನಲ್ಲಿ ಕೋವಿಯು ಮನೆಯ ಮಾನಕ್ಕೆ ಸೇರಿದ್ದು. ಆದರೆ ಗಮನಿಸತಕ್ಕದ್ದೇನೆಂದರೆ, ಆ ವಿನಾಯಿತಿಯು ಕೋವಿಯನ್ನು ಇಟ್ಟುಕೊಳ್ಳುವುದಕ್ಕೆ ಮಾತ್ರ. ವನ್ಯಜೀವಿ ಕಾಯಿದೆಯಿಂದ ಅಲ್ಲಿನವರಿಗೂ ಬಿಡುಗಡೆಯಿಲ್ಲ.

ಈ ನಾನಾ ಬಗೆಯ ಕಟ್ಟಳೆಗಳನ್ನು ತೂಗಿನೋಡಿದರೆ, ಅನುಮತಿಯನ್ನು ಕೊಡುವ ಅಧಿಕಾರವು ಹೊಲಕ್ಕೆ ಸಮೀಪದಲ್ಲಿರಬೇಕೆಂಬ ಕೇರಳದ ತತ್ತ್ವವೇ ಬೇಸಾಯಕ್ಕೆ ಹೆಚ್ಚು ಹಿತಕರವೆಂದು ತೋರುತ್ತದೆ. ಹಂದಿಯು ಬರುವುದು ಇಂದು ರಾತ್ರಿ. ಅರ್ಜಿಯು ಕಚೇರಿಯಿಂದ ಕಚೇರಿಗೆ ಹೋಗಿ ತಿರುಗಿ ಬರುವ ವೇಳೆಗೆ ಹೊಲದಲ್ಲಿ ಕಾಯುವುದಕ್ಕೆ ಏನೂ ಉಳಿದಿರುವುದಿಲ್ಲ. ಹತ್ತಿರದಲ್ಲಿ ನ್ಯಾಯವಾದ ದಾರಿಯಿಲ್ಲದಾಗ ಜನರು ಕಳ್ಳದಾರಿಯನ್ನು ಹಿಡಿಯುತ್ತಾರೆ. ಬೇಲಿಗೆ ಕದ್ದ ವಿದ್ಯುತ್ತನ್ನು ಹರಿಸುವುದು, ಉರುಳು ಒಡ್ಡುವುದು, ತಿನಿಸಿನಲ್ಲಿ ಸಿಡಿಮದ್ದನ್ನು ಅಡಗಿಸಿಡುವುದು, ನಾಡಕೋವಿಯನ್ನು ಗುಟ್ಟಾಗಿ ಮಾಡಿಸುವುದು, ಇವೆಲ್ಲವೂ ಆ ಕಳ್ಳದಾರಿಗಳೇ. 2020ರ ಮೇ ತಿಂಗಳಿನಲ್ಲಿ ಪಾಲಕ್ಕಾಡು ಜಿಲ್ಲೆಯಲ್ಲಿ ಗರ್ಭ ಧರಿಸಿದ ಆನೆಯೊಂದು ಬಾಯಲ್ಲಿ ಸಿಡಿಮದ್ದು ಸಿಡಿದು ಹೊಳೆಯಲ್ಲಿ ನಿಂತೇ ಪ್ರಾಣಬಿಟ್ಟದ್ದನ್ನು ದೇಶವೆಲ್ಲ ಕೇಳಿತು. ತಂತಿಗೆ ಹರಿಸಿದ ವಿದ್ಯುತ್ತು ಹಂದಿಯನ್ನೂ ಅರಿಯದು, ನೆರೆಮನೆಯ ಹುಡುಗನನ್ನೂ ಅರಿಯದು. ಕೋವಿಗಾದರೋ ಹಿಡಿದವನ ಕಣ್ಣೂ ವಿವೇಕವೂ ಇರುತ್ತವೆ.

ಇದಕ್ಕೆ ಪ್ರತಿಯಾಗಿ ಹೇಳುವವರ ಮಾತಿನಲ್ಲಿಯೂ ಸಾರವಿಲ್ಲದಿಲ್ಲ. ಅಧಿಕಾರವು ಗ್ರಾಮಕ್ಕೆ ಬಂದರೆ ಪಕ್ಷಪಾತ ನಡೆದೀತು, ಬೆಳೆಯ ನೆವದಲ್ಲಿ ಮಾಂಸದ ಬೇಟೆ ನಡೆದೀತು, ಹಳೆಯ ಹಗೆಗೆ ಕೋವಿಯು ಉಪಯೋಗವಾದೀತು ಎಂಬುದು ಅವರ ಭಯ. ರಾತ್ರಿಯ ಕತ್ತಲಲ್ಲಿ ಪೊದೆ ಅಲುಗಿದ್ದನ್ನು ಹಂದಿಯೆಂದು ಭ್ರಮಿಸಿ ಮನುಷ್ಯನನ್ನೇ ಹೊಡೆದ ದುರ್ಘಟನೆಗಳು ಮಲೆನಾಡಿನಲ್ಲಿ ನಡೆದಿಲ್ಲವೆಂದು ಯಾರೂ ಹೇಳಲಾರರು. ಮೇಲಾಗಿ ಕೋವಿಯೊಂದರಿಂದಲೇ ಹಂದಿಯ ಕಾಟ ತೀರುವುದಿಲ್ಲ. ಲೈಸೆನ್ಸಿಲ್ಲದೆ ಹೊಡೆಯಬಹುದಾದ ಟೆಕ್ಸಾಸಿನಲ್ಲಿಯೇ ಹಂದಿಗಳು ಲಕ್ಷಗಟ್ಟಲೆಯಾಗಿ ಉಳಿದಿವೆ. ಸೌರಶಕ್ತಿಯ ಬೇಲಿ, ಕಂದಕ, ಊರೊಟ್ಟಿನ ಕಾವಲು, ಹೊಲದಂಚಿನ ಪೊದೆಗಳನ್ನು ಸವರುವುದು, ಇವುಗಳ ಜತೆಯಲ್ಲಿ ಕೋವಿಯು ಕಡೆಯ ಉಪಾಯವಾಗಿರಬೇಕೇ ವಿನಾ ಮೊದಲನೆಯದಾಗಬಾರದು.

ಆದ್ದರಿಂದ ಅಧಿಕಾರವನ್ನು ಕೇಳುವ ಗ್ರಾಮವು ಮೊದಲು ಅದಕ್ಕೆ ತನ್ನ ಯೋಗ್ಯತೆಯನ್ನು ತೋರಿಸಬೇಕು. ಮುಖಂಡರು ತಮ್ಮ ಗ್ರಾಮದಲ್ಲಿರುವ ಲೈಸೆನ್ಸುದಾರರ ಹೆಸರು, ಕೋವಿಯ ಬಗೆ, ಲೈಸೆನ್ಸು ಮುಗಿಯುವ ತಾರೀಖು ಇವುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ಬೆಳೆ ನಷ್ಟವಾದಾಗಲೆಲ್ಲ ತಾರೀಖು, ಸರ್ವೆ ನಂಬರು, ನಷ್ಟದ ಅಳತೆ, ಸಾಧ್ಯವಾದರೆ ಛಾಯಾಚಿತ್ರ ಇವುಗಳೊಡನೆ ದಾಖಲೆ ಮಾಡಿ ಅರಣ್ಯ ಇಲಾಖೆಗೆ ತಿಳಿಸಲಿ. ಇದರಿಂದ ಪರಿಹಾರಧನಕ್ಕೂ ಆಧಾರ ಸಿಕ್ಕುವುದು, ಹೊಡೆಯುವ ಅನುಮತಿಗೂ ಆಧಾರ ಸಿಕ್ಕುವುದು. ಹತ್ತು ಜನರು ಹತ್ತು ಬಾರಿ ಬಾಯಿಂದ ದೂರುವುದಕ್ಕಿಂತ ಕ್ರಮವಾಗಿ ಬರೆದ ಒಂದು ಪುಸ್ತಕಕ್ಕೆ ಕಚೇರಿಯಲ್ಲಿ ಬೆಲೆ ಹೆಚ್ಚು. ಚುನಾವಣೆಯ ಕಾಲದಲ್ಲಿ ಕೋವಿಯನ್ನು ಠಾಣೆಗೆ ಒಪ್ಪಿಸಬೇಕೆಂಬ ಆಜ್ಞೆಯು ಕೊಯಿಲಿನ ಕಾಲಕ್ಕೆ ಬಂದರೆ, ಅಡಗಿಸಿಡುವ ಬದಲು ಜಿಲ್ಲೆಯ ಪರಿಶೀಲನಾ ಸಮಿತಿಗೆ ಬೆಳೆಯ ಸ್ಥಿತಿಯನ್ನು ವಿವರಿಸಿ ಅರ್ಜಿ ಕೊಡುವುದೇ ಸರಿಯಾದ ಮಾರ್ಗ.

ಜಮೀನುದಾರರ ಹೊಣೆಯೂ ಅಲ್ಪವಲ್ಲ. ಕೋವಿಯನ್ನು ಮದ್ದುಗುಂಡಿನಿಂದ ಬೇರೆಯಾಗಿ ಬೀಗದಲ್ಲಿ ಇಡಬೇಕು. ಲೈಸೆನ್ಸಿನಲ್ಲಿ ಹೆಸರಿಲ್ಲದ ಆಳಿನ ಕೈಗೆ ಕೊಟ್ಟು ಕಾವಲಿಗೆ ಕಳುಹಿಸಿದರೆ ಕೊಟ್ಟವನೂ ತಪ್ಪಿತಸ್ಥನೇ. ಲೈಸೆನ್ಸಿನಲ್ಲಿ ಬರೆದ ಪ್ರದೇಶದ ಆಚೆಗೆ ಅದನ್ನು ಒಯ್ಯಕೂಡದು. ಕುಡಿದವನ ಕೈಗೆ ಕೋವಿಯು ಎಂದಿಗೂ ಸಿಕ್ಕಕೂಡದು. ಕತ್ತಲಲ್ಲಿ ಮೃಗವನ್ನು ದೀಪದ ಬೆಳಕಿನಿಂದ ಕಣ್ಣಾರೆ ಕಂಡು ಗುರುತಿಸದೆ, ಅದರ ಹಿಂದೆ ಏನಿದೆಯೆಂಬುದನ್ನು ತಿಳಿಯದೆ ಕುದುರೆಯನ್ನು ಎಳೆಯಕೂಡದು. ಹಂದಿಯು ಕೆಡಿಸಿದ ಪೈರು ಮುಂದಿನ ಹಂಗಾಮಿಗೆ ಮತ್ತೆ ಬರುತ್ತದೆ. ತಪ್ಪಿದ ಈಡಿಗೆ ಸಿಕ್ಕಿದ ಕೂಲಿಯವನ ಪ್ರಾಣವು ಎಂದಿಗೂ ಹಿಂತಿರುಗುವುದಿಲ್ಲ.

ಅನುಮತಿಯ ಅಧಿಕಾರವು ಗ್ರಾಮಕ್ಕೆ ಹತ್ತಿರ ಬರಬೇಕೆಂಬುದು ನ್ಯಾಯವಾದ ಕೋರಿಕೆಯೇ. ಆದರೆ ಸರ್ಕಾರದವರು ಅದನ್ನು ನೆಚ್ಚಿ ಕೊಡುವುದು ಶಿಸ್ತನ್ನು ಕಂಡ ಮೇಲೆಯೇ. ಲೈಸೆನ್ಸುಗಳು ಸರಿಯಾಗಿರುವ, ಕಳ್ಳಕೋವಿ ಇಲ್ಲದ, ಬೇಲಿಯಲ್ಲಿ ಕದ್ದ ವಿದ್ಯುತ್ತು ಹರಿಯದ, ನಷ್ಟದ ಲೆಕ್ಕವನ್ನು ಬರೆದಿಟ್ಟಿರುವ ಗ್ರಾಮದ ಮಾತಿಗೆ ತೂಕವುಂಟು. ಮುಂದಿನ ಬೆಳೆ ಹಾಲುಗಾಳಾಗುವುದರೊಳಗೆ ಪ್ರತಿಯೊಂದು ಗ್ರಾಮದ ಮುಖಂಡರೂ ಲೈಸೆನ್ಸುದಾರರ ಸಭೆಯೊಂದನ್ನು ಕೂಡಿಸಿ, ಈ ಎರಡು ಕಾಯಿದೆಗಳ ಭೇದವನ್ನು ವಿವರಿಸಿ, ಆ ಪುಸ್ತಕದ ಮೊದಲನೆಯ ಪುಟವನ್ನು ಬರೆಯಿಸಬೇಕಾಗಿ ಅಪೇಕ್ಷಿಸಲಾಗಿದೆ.