ಒತ್ತಡದ ಮುಳ್ಳು ಚಾಲಕನ ಕಣ್ಣೆದುರಿರಲಿ

ಅಮೆರಿಕದ ರಸ್ತೆಗಳಲ್ಲಿ ಪಿಕಪ್ ಟ್ರಕ್ಕು ಬಹು ಸಾಮಾನ್ಯವಾದ ವಾಹನ. ದಿನವೂ ಬರಿದಾಗಿ ಓಡಾಡುವ ಗಾಡಿ ರಜೆ ಬಂದೊಡನೆ ದೋಣಿಯನ್ನೋ ಕುದುರೆಗಳಿರುವ ಟ್ರೇಲರನ್ನೋ ಎಳೆಯತೊಡಗುತ್ತದೆ. ಹಿಂದೆ ಹೊರೆ ಬಿದ್ದ ಕೂಡಲೆ ಹಿಂಭಾಗ ಕುಸಿದು ಮೂತಿ ಮೇಲೇಳುತ್ತದೆ. ಇದು ಕೇವಲ ಅಂದಚಂದದ ಪ್ರಶ್ನೆಯಲ್ಲ. ಮುಂಗಾಲಿಗಳ ಮೇಲಣ ಭಾರ ತಗ್ಗಿದರೆ ಅವು ನೆಲವನ್ನು ಹಿಡಿಯುವ ಬಲವೂ ತಗ್ಗುತ್ತದೆ. ತಿರುವಿನಲ್ಲಿ ಗಾಡಿ ಚಾಲಕನ ಮಾತು ಕೇಳದು. ದೀಪಗಳ ಬೆಳಕು ಎದುರು ಬರುವವರ ಕಣ್ಣು ಕುಕ್ಕುತ್ತದೆ.

ಇದಕ್ಕೊಂದು ಪರಿಹಾರ ಗಾಳಿಚೀಲ. ಹಿಂದಿನ ಅಚ್ಚಿಗೂ ಚೌಕಟ್ಟಿಗೂ ನಡುವೆ, ಉಕ್ಕಿನ ಪಟ್ಟಿಗಳ ಸ್ಪ್ರಿಂಗಿಗೆ ನೆರವಾಗಿ, ಎರಡು ಪಕ್ಕದಲ್ಲಿಯೂ ಒಂದೊಂದು ರಬ್ಬರು ಚೀಲವನ್ನು ಕೂಡಿಸಿ ಗಾಳಿ ತುಂಬುತ್ತಾರೆ. ಚೀಲ ಹೊರುವ ಭಾರವೆಂದರೆ ಒತ್ತಡವನ್ನು ಅದು ಎರಗುವ ಹರವಿನಿಂದ ಗುಣಿಸಿದಷ್ಟು. ಹರವು 100 ಚದರ ಸೆಂಟಿಮೀಟರು, ಒತ್ತಡ ಚದರ ಸೆಂಟಿಮೀಟರಿಗೆ 5 ಕಿಲೋಗ್ರಾಂ ಎಂದುಕೊಂಡರೆ, ಒಂದು ಚೀಲ 500 ಕಿಲೋಗ್ರಾಂ ಭಾರವನ್ನು ಎತ್ತಿ ಹಿಡಿಯಬಲ್ಲದು. ಒತ್ತಡ ಅರ್ಧಕ್ಕಿಳಿದರೆ ನೆರವೂ ಅರ್ಧಕ್ಕಿಳಿಯುತ್ತದೆ. ಆದುದರಿಂದ ಇಲ್ಲಿ ಒತ್ತಡವನ್ನು ತಿಳಿಯುವುದೇ ಮುಖ್ಯವಾದ ಸಂಗತಿ.

ಹೀಗಿದ್ದರೂ ಅನೇಕ ಗಾಡಿಗಳಲ್ಲಿ ಗಾಳಿ ತುಂಬುವ ಬಾಯಿ ಹಿಂದುಗಡೆ ಎಲ್ಲೋ ಅಡಗಿರುತ್ತದೆ. ಚಾಲಕನು ಮೊಣಕಾಲೂರಿ, ಟೈರಿನ ಮಾಪಕವನ್ನು ಒತ್ತಿ ನೋಡಬೇಕು. ಹೊರಡುವಾಗ ಒಮ್ಮೆ ನೋಡಿಯಾನು. ಮಳೆ ಸುರಿಯುವ ಇರುಳಿನಲ್ಲಿ, ನೂರಾರು ಮೈಲಿಗಳಾಚೆ, ಎಷ್ಟು ಮಂದಿ ಇಳಿದು ನೋಡುತ್ತಾರೆ? ಸೋರಿಕೆಗೆ ಹಗಲಿರುಳೆಂಬುದಿಲ್ಲ. ಒತ್ತಡಮಾಪಕವು ಚಾಲಕನ ಎದುರಿನ ಫಲಕದಲ್ಲಿಯೇ ಇರತಕ್ಕದ್ದು ಎಂಬುದು ನಮ್ಮ ಅಭಿಪ್ರಾಯ.

ಇದು ದುಸ್ಸಾಧ್ಯವಾದ ಕೆಲಸವೇನಲ್ಲ. ಹರಿಯದೆ ನಿಂತ ಗಾಳಿಯ ಒತ್ತಡ ಕೊಳವೆಯ ಈ ತುದಿಯಲ್ಲಿ ಎಷ್ಟೋ ಆ ತುದಿಯಲ್ಲಿಯೂ ಅಷ್ಟೇ. ಆದುದರಿಂದ ಚೀಲದಿಂದ ಸಣ್ಣ ನೈಲಾನ್ ಕೊಳವೆಯೊಂದನ್ನು ಮುಂದಕ್ಕೆ ತಂದರೆ ಸಾಕು. ಮಾಪಕದೊಳಗೆ ಬಾಗಿದ ಚಪ್ಪಟೆ ಲೋಹನಾಳವೊಂದಿರುತ್ತದೆ. ಒತ್ತಡ ಏರಿದಂತೆ ಅದು ನೆಟ್ಟಗಾಗಲು ಯತ್ನಿಸಿ ಮುಳ್ಳನ್ನು ತಿರುಗಿಸುತ್ತದೆ. ಫ್ರಾನ್ಸಿನ ಯೂಜೀನ್ ಬೂರ್ಡಾನ್ 1849ರಲ್ಲಿ ಕಂಡುಹಿಡಿದ ಉಪಾಯವಿದು. ಇದಕ್ಕೆ ವಿದ್ಯುತ್ತು ಬೇಡ.

ಆದರೆ ಎರಡು ಚೀಲಗಳನ್ನೂ ಒಂದೇ ಕೊಳವೆಗೆ ಕೂಡಿಸಿ ಒಂದೇ ಮಾಪಕವನ್ನಿಡುವ ಮಿತವ್ಯಯವನ್ನು ನಾವು ಒಪ್ಪಲಾರೆವು. ತಿರುವಿನಲ್ಲಿ ಹೊರಪಕ್ಕದ ಚೀಲದ ಮೇಲೆ ಭಾರ ಹೆಚ್ಚುತ್ತದೆ. ಮಾರ್ಗ ತೆರೆದಿದ್ದರೆ ಅದರ ಗಾಳಿ ಒಳಪಕ್ಕಕ್ಕೆ ನುಗ್ಗಿ, ಗಾಡಿ ಇನ್ನಷ್ಟು ವಾಲುತ್ತದೆ. ಎರಡು ಕೊಳವೆ, ಎರಡು ಮುಳ್ಳು ಇರಲಿ. ಒಂದು ಮುಳ್ಳು ಇಳಿದು ಇನ್ನೊಂದು ನಿಂತಿದ್ದರೆ, ಸೋರುವ ಪಕ್ಕ ಯಾವುದೆಂಬುದೂ ಒಡನೆ ತಿಳಿಯುತ್ತದೆ.

ಇದಕ್ಕೆ ಆಕ್ಷೇಪವುಂಟು. ಪ್ರತಿಯೊಂದು ಹೊಸ ಜೋಡಣೆಯೂ ಸೋರಿಕೆಗೆ ಹೊಸ ದಾರಿ. ಚೀಲದ ಬಳಿ ವಿದ್ಯುತ್ ಸಂವೇದಕವನ್ನಿಟ್ಟು ಬರಿಯ ತಂತಿಯನ್ನು ಮುಂದೆ ತರುವುದು ಲೇಸು ಎನ್ನುತ್ತಾರೆ. ಮಾತಿನಲ್ಲಿ ಹುರುಳಿದೆ: ತಂತಿ ತುಂಡಾದರೆ ಗಾಳಿ ಹೋಗದು, ಕೊಳವೆ ತುಂಡಾದರೆ ಹೋಗುತ್ತದೆ. ಆದರೂ ಸ್ವಂತ ಕೈಯಿಂದ ಕೆಲಸ ಮಾಡುವವರಿಗೆ ನಾವು ಕೊಳವೆಯನ್ನೇ ಸೂಚಿಸುತ್ತೇವೆ. ನೀರು ಕೆಸರು ಸಿಡಿಯುವೆಡೆಯಲ್ಲಿ ತಂತಿಯ ಜೋಡಣೆ ತುಕ್ಕು ಹಿಡಿದರೆ ಮುಳ್ಳು ಸುಳ್ಳು ಹೇಳಬಹುದು, ಆ ಸುಳ್ಳು ಸುಲಭವಾಗಿ ಬಯಲಾಗದು. ಗಾಳಿಯ ದೋಷವಾದರೋ ಸಾಬೂನು ನೀರು ಸವರಿದೊಡನೆ ಗುಳ್ಳೆಯಾಗಿ ಎದ್ದು ತೋರುತ್ತದೆ. ಚಾಲಕನು ಕುಳಿತಲ್ಲಿಂದಲೇ ಕವಾಟಗಳ ಮೂಲಕ ಗಾಳಿ ತುಂಬಿ ಬಿಡುವ ಏರ್ಪಾಡಿದ್ದರಂತೂ ಕೊಳವೆ ಹೇಗೂ ಅಲ್ಲಿಗೆ ಬಂದೇ ಇರುತ್ತದೆ.

ಈ ಆಕ್ಷೇಪಕ್ಕೆ ನಿಜವಾದ ಉತ್ತರವೆಂದರೆ ಕೆಲಸದ ಅಚ್ಚುಕಟ್ಟು. ಕೊಳವೆಯ ತುದಿಯನ್ನು ಹರಿತವಾದ ಅಲಗಿನಿಂದ ನೇರವಾಗಿ ಕತ್ತರಿಸಬೇಕು. ಓರೆಯಾದರೆ ಜೋಡಣೆ ಸೋರುತ್ತದೆ. ಹೊಗೆಕೊಳವೆಯಿಂದ ಒಂದು ಗೇಣಾದರೂ ದೂರವಿರಬೇಕು. ನೈಲಾನು ಕಾವನ್ನು ತಾಳದು. ಅಚ್ಚು ಏರಿಳಿಯುವೆಡೆ ಕೊಳವೆಗೆ ಸಡಿಲು ಬಿಡಬೇಕು, ಚೂಪಾಗಿ ಬಾಗಿಸಬಾರದು. ತಗಡಿನ ರಂಧ್ರವನ್ನು ದಾಟುವಲ್ಲಿ ರಬ್ಬರು ಬಳೆ ತೊಡಿಸಬೇಕು. ಗಾಳಿ ತುಂಬಿ ಒಂದು ರಾತ್ರಿ ಬಿಟ್ಟು, ಬೆಳಗ್ಗೆ ಮುಳ್ಳು ನೋಡಿದ ಮೇಲೆಯೇ ಕೆಲಸ ಮುಗಿಯಿತೆನ್ನಬೇಕು.

ಮುಳ್ಳನ್ನು ನೋಡಿದರೆ ಸಾಲದು, ಓದಲೂ ಬೇಕು. ಮಧ್ಯಾಹ್ನ 27 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಚದರ ಅಂಗುಲಕ್ಕೆ 50 ಪೌಂಡು ತೋರಿದ ಮಾಪಕ, ಇರುಳಿನ 0 ಡಿಗ್ರಿಯಲ್ಲಿ ಸುಮಾರು 44ಕ್ಕೆ ಇಳಿದೀತು. ಹನಿಯಷ್ಟು ಗಾಳಿಯೂ ಸೋರಿಲ್ಲ. ವಾಯುಮಂಡಲದ 14.7 ಪೌಂಡನ್ನು ಕೂಡಿಸಿ, 300ಕ್ಕೆ 273ರ ಪ್ರಮಾಣದಲ್ಲಿ ತಗ್ಗಿಸಿ, ಮತ್ತೆ 14.7ನ್ನು ಕಳೆದರೆ ಲೆಕ್ಕ ಸರಿಹೋಗುತ್ತದೆ. ಚೀಲದ ಘನಗಾತ್ರ ಬದಲಾಗದೆಂದು ಮಾತ್ರ ಭಾವಿಸಿಕೊಳ್ಳಬೇಕು. ವಾಚಕರು ತರಗತಿಯಲ್ಲಿ ಕಲಿತ ಅನಿಲಸೂತ್ರ ಇಲ್ಲಿ ಗಾಡಿಯ ತಳದಲ್ಲಿ ದುಡಿಯುತ್ತಿದೆ.

ಇನ್ನೊಂದು ಎಚ್ಚರಿಕೆ. ಗಾಳಿ ತುಂಬಿದೊಡನೆ ಕುಸಿದ ಗಾಡಿ ನೆಟ್ಟಗೆ ನಿಲ್ಲುತ್ತದೆ. ಅದರಿಂದ ಅಚ್ಚು, ಗಾಲಿ, ಬ್ರೇಕುಗಳ ಶಕ್ತಿ ಎಳ್ಳಷ್ಟೂ ಹೆಚ್ಚುವುದಿಲ್ಲ. ತಯಾರಕರು ಗೊತ್ತುಮಾಡಿದ ಭಾರದ ಮಿತಿ ಮೊದಲಿದ್ದಂತೆಯೇ ಇರುತ್ತದೆ. ಕುಸಿತವೆಂಬುದು ಗಾಡಿ ಕೊಡುತ್ತಿದ್ದ ಎಚ್ಚರಿಕೆ. ಚೀಲವು ಅದನ್ನು ಅಡಗಿಸಿಬಿಡುತ್ತದೆ. ಅಡಗಿದ ಆ ಸುದ್ದಿಯನ್ನು ಹೇಳಲು ಉಳಿಯುವುದು ಮಾಪಕದ ಮುಳ್ಳೊಂದೇ. ಅದನ್ನೂ ಕಣ್ಮರೆಯಲ್ಲಿಟ್ಟರೆ, ಗಾಡಿಯ ಬಾಯನ್ನು ನಾವೇ ಕಟ್ಟಿದಂತಾಗುತ್ತದೆ.