ವಿರಳಾಕ್ಷರದ ವಿಚಾರ

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಗ್ರಂಥಭಂಡಾರದಲ್ಲಿರುವ ವಾಯ್ನಿಚ್ ಹಸ್ತಪ್ರತಿಯನ್ನು ವಿದ್ವಜ್ಜನರು ಒಪ್ಪುವಂತೆ ಓದಿದವರು ಇನ್ನೂ ಹುಟ್ಟಿಲ್ಲ. ಅದರ ಚರ್ಮದ ಹಾಳೆಗಳು 1404ರಿಂದ 1438ರೊಳಗಿನವೆಂದು ಇಂಗಾಲದ ಪರೀಕ್ಷೆಯಿಂದ ತಿಳಿದುಬಂದಿದೆ. ಬರಹದ ಬಹುಭಾಗವು ಕೆಲವೇ ಅಕ್ಷರಗಳಲ್ಲಿ ಸಾಗುತ್ತದೆ. ಆದರೆ ಒಂದೆರಡು ಸಲ ಮಾತ್ರ ತಲೆದೋರಿ ಮರೆಯಾಗುವ ಚಿಹ್ನೆಗಳೂ ಉಂಟು. ಊಹೆಗಾರರಿಗೆ ಇವೇ ಹಬ್ಬ.

ಇಂತಹ ಚಿಹ್ನೆಯು ಬೇರೆ ಅಕ್ಷರವೋ, ಎರಡರ ಕೂಡಿಕೆಯೋ, ಅಲಂಕಾರವೋ, ಲಿಪಿಕಾರನ ಕೈತಪ್ಪೋ? ಒಮ್ಮೆ ಮಾತ್ರ ಬಂದುದನ್ನು ಎಣಿಕೆಯಿಂದ ನಿರ್ಣಯಿಸಲಾಗದು. ಗಣಕಯಂತ್ರಕ್ಕೆ ಒಪ್ಪಿಸುವ ಲಿಪ್ಯಂತರವಾದರೂ ಮೊದಲೇ ಒಬ್ಬರು ಕೊಟ್ಟ ತೀರ್ಪು. ನಕಲುಗಾರನು ಅದನ್ನು ಹೋಲುವ ಸಾಮಾನ್ಯ ಅಕ್ಷರವೆಂದು ಬರೆದುಕೊಂಡನೋ, ವಿರಳಾಕ್ಷರವು ಲೆಕ್ಕದಿಂದಲೇ ಮಾಯ! ಆದುದರಿಂದ ಮೂಲದ ಹಾಳೆಯನ್ನೇ, ಅದೇ ಕೈಯ ಇತರ ಗೆರೆಗಳೊಡನೆ ಹೋಲಿಸಿ ನೋಡತಕ್ಕದ್ದು.

ಆ ನೋಟಕ್ಕೂ ಸಂಯಮ ಬೇಕು. 1921ರಲ್ಲಿ ಪೆನ್ಸಿಲ್ವೇನಿಯದ ಪ್ರಾಧ್ಯಾಪಕ ನ್ಯೂಬೋಲ್ಡರು ಅಕ್ಷರಗಳೊಳಗೆ ಸೂಕ್ಷ್ಮ ಗೆರೆಗಳನ್ನು ಕಂಡು, ಅವು ರೋಜರ್ ಬೇಕನ್ನನ ಗೂಢಲಿಪಿಯೆಂದು ಸಾರಿದರು. ಅನೇಕರು ನಂಬಿದರು. ಆ ಗೆರೆಗಳು ಮಸಿಯ ಬಿರುಕುಗಳೆಂದು 1931ರಲ್ಲಿ ಮ್ಯಾನ್ಲಿಯವರು ತೋರಿಸಿಕೊಟ್ಟರು. ಅಷ್ಟರಲ್ಲಿ ನ್ಯೂಬೋಲ್ಡರು ಗತಿಸಿ ಐದು ವರ್ಷಗಳಾಗಿದ್ದುವು.

ಪತ್ರಿಕೆಗಳು ಈ ಕಥೆಯನ್ನು ಮರೆತಂತೆ ಕಾಣುತ್ತದೆ. 2019ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯವು 'ರಹಸ್ಯ ಬಯಲು' ಎಂಬಂತಹ ವಾರ್ತೆಯನ್ನು ಹೊರಡಿಸಿ, ತಜ್ಞರು ಆಕ್ಷೇಪಿಸಿದೊಡನೆ ಹಿಂದೆಗೆಯಿತು. ಆ ವೇಳೆಗೆ ವಾರ್ತೆ ಲೋಕವನ್ನೆಲ್ಲ ಸುತ್ತಿಯಾಗಿತ್ತು. ಯೇಲ್ ಸಂಸ್ಥೆಯು ಪ್ರತಿಯೊಂದು ಪುಟದ ಚಿತ್ರವನ್ನೂ ಸರ್ವರಿಗೂ ತೆರೆದಿಟ್ಟಿದೆ. ಹೊಸ ಅಕ್ಷರವನ್ನು ಕಂಡೆವೆನ್ನುವವರು ಯಾವ ಪುಟ, ಯಾವ ಸಾಲು ಎಂಬುದನ್ನು ತಿಳಿಸಲಿ. ಅದನ್ನು ಕೇಳದೆ ದಪ್ಪಕ್ಷರದ ತಲೆಬರಹ ಕೊಡುವ ನಮ್ಮ ಸಹೋದ್ಯೋಗಿಗಳ ಅವಸರವನ್ನು ನಾವು ಒಪ್ಪಲಾರೆವು.